ಮಗ್ಗದ ಕುಣಿಯಲ್ಲಿ ಸುರಿಸಿದ ಮಳೆ

ಮಗ್ಗಕ್ಕೆ ಕೂಡುವ ಮೊದಲು ಅವರು ಒಂದು ಮುರುಕು ಲಾಳಿಯಿಂದ ಮಗ್ಗದ ಕಂಬಕ್ಕೆ ಎರಡು ಸಲ ಬಡಿಯುತ್ತಿದ್ದರು. ಟಕ್, ಟಕ್. ಆಮೇಲೆ ಮಗ್ಗದಡಿಯ ಕುಣಿಯೊಳಗೆ ಬಗ್ಗಿ, ಮಲಗಿದ ಮಕ್ಕಳನ್ನು ಎಬ್ಬಿಸುವ ದನಿಯಲ್ಲಿ, "ಏಳ್ರಿ, ನಾ ಬಂದೇನಿ," ಅನ್ನುತ್ತಿದ್ದರು. ಒಳಗೆ ಏನೋ ದಪ್ಪಗೆ, ಒದ್ದೆಯಾಗಿ ಸರಿದ ಸದ್ದಾಗುತ್ತಿತ್ತು. ಆ ಸದ್ದು ನಿಂತ ಮೇಲೆಯೇ ಅವರು ಒಂದೊಂದೇ ಕಾಲನ್ನು ಕೆಳಗೆ ಬಿಡುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ತಿಳಿಸಲು ಫೋನ್ ಮಾಡಿದ ಅವರ ಮಗ ಬಸು, "ಅವ್ವ ಹ್ವಾದಳ್ರೀ ಟೀಚರ," ಎಂದ. ಅವನ ಹಿಂದೆ ಯಾವ ನೇಯ್ಗೆ ಮಶೀನಿನ ಸದ್ದೂ ಇರಲಿಲ್ಲ. ಆ ಮನೆಯಿಂದ ಬಂದ ಯಾವ ಫೋನಿನಲ್ಲೂ ನಾನು ಅಂಥ ನಿಶ್ಶಬ್ದ ಕೇಳಿರಲಿಲ್ಲ. ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಟಕ್ ಟಕ್.

ರಬಕವಿಯಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಅದು ಎರಡು ಸಾವಿರದ ಏಳು, ಎಂಟನೆಯ ಇಸವಿ. ಜಮಖಂಡಿಯಲ್ಲಿ ಶಿಕ್ಷಕಿಯ ತರಬೇತಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ನಾನು ಆಗಲೂ ಈಗಲೂ ದಿನಚರಿ ಬರೆಯುವವಳು. ಬಸ್ಸು ಎಷ್ಟು ತಡವಾಯಿತು, ನಲ್ಲಿಗೆ ನೀರು ಯಾವ ದಿನ ಬಂತು, ಕರೆಂಟು ಎಷ್ಟು ಸಲ ಹೋಯಿತು, ಎಲ್ಲ ಬರೆದಿಡುತ್ತೇನೆ. ಇದನ್ನು ಕಂಡು ಅವರು ನನಗೆ 'ಲೆಕ್ಕದಾಕಿ' ಎಂದು ಹೆಸರಿಟ್ಟರು. "ಲೆಕ್ಕದಾಕಿ, ಇವತ್ತ ಎಷ್ಟ ಸಲ ಸೀನಿದಿ, ಬರಕೊಂಡಿ ಇಲ್ಲೊ?" ಎಂದು ಕೇಳಿ, ಮೂಗುಬಟ್ಟು ಅಲುಗುವಂತೆ ನಗುತ್ತಿದ್ದರು.

ಆ ಮನೆಗೆ ಹೋದ ಮೊದಲ ಬೆಳಿಗ್ಗೆ ಬಚ್ಚಲಲ್ಲಿ ನನ್ನ ಪಾದದ ಮೇಲೆ ತಣ್ಣಗಿನದೊಂದು ಬಂದು ಕುಳಿತಿತು. ನನಗೆ ಚಿಕ್ಕಂದಿನಿಂದ ಕಪ್ಪೆ ಎಂದರೆ ಜೀವ ಹೋಗುತ್ತದೆ. ಹಾವು, ಚೇಳು ಕಂಡರೆ ಓಡುತ್ತೇನೆ. ಕಪ್ಪೆ ಕಂಡರೆ ಓಡಲೂ ಆಗುವುದಿಲ್ಲ. ನಾನು ಕಿರುಚಿದ ರಭಸಕ್ಕೆ ಅವರು ಮಗ್ಗ ಬಿಟ್ಟು ಓಡಿಬಂದು, ಬಾಗಿಲ ಆಚೆ ನಿಂತು ಕೇಳಿದರು: "ಯಾಕ ಬೇ, ತುಳದೇನು ಅದನ್ನ?"

"ಅದು ನನ್ನ ಕಾಲ ಮ್ಯಾಲ ಐತ್ರೀ!"

"ಹಂಗಾರ ಛಲೋ ಆತು. ಕಾಲ ಕೆಳಗಿದ್ರ ಚಿಂತಿ ಮಾಡಬೇಕಿತ್ತು. ಸಬಕಾರ ನೀರ ಹಾಕಬ್ಯಾಡ ಮತ್ತ, ಅದರ ಚರ್ಮ ಸುಡತೈತಿ."

ಅವರ ನೆಲಗಪ್ಪೆಗಳು ಶೋಕಿಗೆ ಸಾಕಿದವಲ್ಲ. ಅವರದು ಕುಣಿಮಗ್ಗ. ನೆಲದಲ್ಲಿ ಮೊಳಕಾಲು ಮುಳುಗುವಷ್ಟು ಆಳದ ಕುಣಿ ತೋಡಿ, ನೇಯುವವರು ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತಾ ಸೀರೆ ನೇಯುತ್ತಾರೆ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ನೂಲಿಗೆ ಗಂಜಿ ಹಚ್ಚಿರುತ್ತದೆ. ಆ ಗಂಜಿಯ ಆಸೆಗೆ ಜಿರಲೆ, ಮಿಡತೆಯಂಥ ಹುಳ ಬಂದು ನೂಲು ಕತ್ತರಿಸುತ್ತವೆ. ಊರಿನ ಉಳಿದವರು ಹುಳದ ಪುಡಿ ಚೆಲ್ಲುತ್ತಿದ್ದರು. ಇವರು ಕುಣಿಯ ಮೂಲೆಗೆ ಒಡೆದ ಹರವಿಯ, ಅಂದರೆ ಮಣ್ಣಿನ ಗಡಿಗೆಯ ಚೂರು, ಹಸಿ ಉಸುಕು, ತೊಯ್ಸಿದ ಗೋಣಿತಟ್ಟು ಇಟ್ಟು ನೆಲಗಪ್ಪೆಗಳಿಗೆ ಮನೆ ಮಾಡಿಕೊಟ್ಟಿದ್ದರು. ಹುಳ ತಿನ್ನುವುದು ಅವುಗಳ ಕೆಲಸ. ಗಂಜಿ ಕೈ, ಬಣ್ಣದ ಕೈ, ಅರಿಶಿನದ ಕೈಯಿಂದ ಅವುಗಳನ್ನು ಮುಟ್ಟುತ್ತಿರಲಿಲ್ಲ. ಬರೀ ನೀರಿನಲ್ಲಿ ಕೈ ತೊಳೆದು, ಒದ್ದೆ ಕೈಯಿಂದಲೇ ಎತ್ತುತ್ತಿದ್ದರು. ಬಣ್ಣ ಹಾಕಿದ ನೀರನ್ನು ಹಿತ್ತಲ ಮೋರಿಗೆ ಬಿಡದೆ, ಕೊಡದಲ್ಲಿ ಹೊತ್ತು ರಸ್ತೆಯಾಚೆ ಚೆಲ್ಲಿ ಬರುತ್ತಿದ್ದರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ, ಬೆನ್ನ ತುಂಬ ಗಂಟುಗಳಿದ್ದು ಯಾರು ಬಂದರೂ ಜಾಗ ಬಿಡದೆ ಕೂಡುತ್ತಿದ್ದುದಕ್ಕೆ, 'ಗೌಡ' ಎಂದು ಹೆಸರು.

ಒಮ್ಮೆ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಒಬ್ಬ ಬಂದಿದ್ದ. ಕಾಲೇಜುಗಳಲ್ಲಿ ಹುಡುಗರು ಕೊಯ್ದು ಕಲಿಯಲು ಕಪ್ಪೆ ಬೇಕು, ಹಿಡಿದು ಕೊಡುವವನು ತಾನು, ಇಲ್ಲಿ ಇವೆಯೆಂದು ಕೇಳಿ ಬಂದೆ ಎಂದ. ಚೀಲ ಅಲುಗುತ್ತಿತ್ತು. ಅವರು ಜಗಲಿಯಿಂದ ಇಳಿದು ಕೇಳಿದರು: "ನಿನ್ನ ಮನ್ಯಾಗ ದುಡಿಯಾವ್ರ ಯಾರ ಅದಾರಪಾ?"

"ನಾನು, ನಮ್ಮ ತಮ್ಮ."

"ತಮ್ಮನ ಕೊಡತೀಯೇನು, ಹುಡುಗೂರು ಕೊಯ್ದ ನೋಡತಾರ?"

ಅವನು ನಗಬೇಕೋ ಬೇಡವೋ ತಿಳಿಯದೆ ಸೈಕಲ್ ತಿರುಗಿಸಿದ. ಅವನು ಓಣಿ ದಾಟಿದ್ದೇ ತಡ, ಇವರು ಜಗಲಿಯ ಅಂಚು ಹಿಡಿದುಕೊಂಡರು. "ಎಷ್ಟ ಅಂಜಿದ್ನೆವ್ವಾ," ಎಂದು ಅಲ್ಲೇ ಕುಳಿತುಬಿಟ್ಟರು. "ಅವ ಹೊಡದಿದ್ರ ಏನ ಮಾಡತಿದ್ದೆ?"

ಇದನ್ನು ಹೇಳಲೇಬೇಕು. ಅವರು ಧೈರ್ಯವಂತೆಯಲ್ಲ. ನಾನು ಕಂಡ ಮನುಷ್ಯರಲ್ಲೆಲ್ಲ ಅತಿ ಅಂಜುಬುರುಕರು ಅವರೇ. ಸಿಡಿಲಿಗೆ ಅಂಜುತ್ತಿದ್ದರು, ಕರೆಂಟಿನ ಬಟನ್ನಿಗೆ ಅಂಜುತ್ತಿದ್ದರು, ಬಸ್ಸು ಹೊಳೆಯ ಸೇತುವೆ ದಾಟುವಾಗ ಸೀಟಿನಡಿ ತಲೆ ತಗ್ಗಿಸುತ್ತಿದ್ದರು. ಹೊಳೆಯ ಅಂಜಿಕೆಗೆ ಕಾರಣವಿತ್ತು. ಅವರ ತವರು ಬೀಳಗಿ ಕಡೆ, ಅನಗವಾಡಿಯ ಆಚೆ ಒಂದು ಸಣ್ಣ ಊರು. ಆಲಮಟ್ಟಿಯ ಹಿನ್ನೀರಿಗೆ ಅದು ಮುಳುಗಿತು. ಸಾಮಾನು ಹೇರಲು ಅಣ್ಣತಮ್ಮಂದಿರಿಗೆ ನೆರವಾಗಲು ಹೋಗಿದ್ದರಂತೆ. ಬಾಗಿಲು, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹಾಕಿ ಆಗಿತ್ತು. ಬೋಳಾದ ಹೊಸ್ತಿಲುಗಳ ಮೇಲೆ, ನೀರು ಬರುವ ದಿಕ್ಕಿಗೆ ಮುಖ ಮಾಡಿ ನೆಲಗಪ್ಪೆಗಳು ಕುಳಿತಿದ್ದವಂತೆ.

"ನಮಗಾರ ನೋಟೀಸ ಬಂದಿತ್ತು," ಅನ್ನುತ್ತಿದ್ದರು. "ಅವಕ್ಕ ಯಾರ ಹೇಳಿದ್ರು? ನೆಲದಾಗ ಮಲಗಿದ್ವು ಎಷ್ಟಿದ್ದೂವೋ. ನಾವು ಹತ್ತಿ ಬಂದ್ಬಿಟ್ವಿ."

ಈ ಮಾತು ಹೇಳುವಾಗ ಅವರು ನೂಲಿನಿಂದ ಕಣ್ಣೆತ್ತುತ್ತಿರಲಿಲ್ಲ.

ನೆಲಗಪ್ಪೆಗಳು ಬೇಸಿಗೆಯಲ್ಲಿ ಕಾಣುವುದಿಲ್ಲ. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ, ಒಂದೊಂದಾಗಿ, ಕುಣಿಯ ಗೋಡೆಯ ಬಿಲಗಳೊಳಕ್ಕೂ ತಳದ ಮಣ್ಣಿನೊಳಕ್ಕೂ ಹಿಂದುಹಿಂದಾಗಿ ಸರಿದು ಹುಗಿದುಕೊಳ್ಳುತ್ತವೆ. ಮೊದಲ ದೊಡ್ಡ ಮಳೆಗೆ ಏಳುತ್ತವೆ. ಒಳಗೆ ಹೋದವುಗಳನ್ನು ಅವರು ಎಣಿಸುತ್ತಿದ್ದರು. ಎರಡನೆಯ ವರ್ಷ ಆ ಕೆಲಸ ನನಗೆ ಒಪ್ಪಿಸಿದರು. ನಾನು ದೂರ ನಿಂತು, ಟಾರ್ಚು ಬಿಟ್ಟು, ಸೆರಗು ಬಾಯಿಗೆ ಹಿಡಿದು ಎಣಿಸಿದೆ. ಎಂಟು ಒಳಗೆ ಹೋದವು. ಎಲ್ಲರಿಗಿಂತ ಕೊನೆಗೆ ಗೌಡ, ಎಲ್ಲಕ್ಕಿಂತ ಆಳದ ಬಿಲಕ್ಕೆ. ಗೋಣಿತಟ್ಟಿನಡಿ ಉಳಿದದ್ದು ಒಂದೇ, ಒಂದು ಕುಂಟುಗಾಲಿನ ಮರಿ. ಅದಕ್ಕೆ ತೋಡಲು ಬರುತ್ತಿರಲಿಲ್ಲ. ಅದಕ್ಕಾಗಿ ಅವರು ದಿನಾ ತಟ್ಟು ತೊಯ್ಸುತ್ತಿದ್ದರು.

ಹಾವು ಬಂದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಪರೀಕ್ಷೆಯ ದಿನಗಳಾದ್ದರಿಂದ ನಾನು ಬೇಗ ಬಂದಿದ್ದೆ. ಕರೆಂಟು ಹೋಗಿತ್ತು, ಓಣಿಯ ಪಾವರ್‌ಲೂಮುಗಳೆಲ್ಲ ನಿಂತು ಊರು ಸತ್ತಂತಿತ್ತು. ಒಳಗೆ ಅವರ ಮಗ್ಗವೂ ನಿಂತಿತ್ತು. ಅದಕ್ಕೆ ಕರೆಂಟು ಬೇಕಿಲ್ಲವಲ್ಲ, ಯಾಕೆ ನಿಂತಿದೆ ಎಂದು ಬಾಗಿಲಿಗೆ ಬಂದೆ.

ಅವರು ಮಗ್ಗದಲ್ಲಿ ನೆಟ್ಟಗೆ ಕುಳಿತಿದ್ದರು. ಲಾಳಿ ಕೈಯಲ್ಲಿತ್ತು. ಹಣೆಯ ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತಿದ್ದರೂ ಒರೆಸುತ್ತಿರಲಿಲ್ಲ.

"ಅಲ್ಲೇ ನಿಂದ್ರ," ಎಂದರು. ತುಟಿ ಮಾತ್ರ ಅಲುಗಿತು. "ಕಾಲಾಗ ನಾಗರ ಐತಿ."

ಅಷ್ಟರಲ್ಲಿ ಕಂಡಿತು: ಬಸುವಿನ ಮಗಳು ಗೌರಿ, ಆಗಷ್ಟೇ ಅಂಬೆಗಾಲಿಡುತ್ತಿದ್ದ ಕೂಸು, ಬಣ್ಣಬಣ್ಣದ ನೂಲಿನ ಕಂಡಿಕೆಗಳ ಹಿಂದೆ ಹರಿದಾಡುತ್ತಾ ಕುಣಿಯ ಕಡೆಗೇ ಹೋಗುತ್ತಿತ್ತು. ಬಸುವಿನ ಹೆಂಡತಿ ನೀರಿಗೆ ಹೋಗಿದ್ದಳು.

"ಕೂಸಿನ ತಗೋ. ಕಾಲ ಬಡೀಬ್ಯಾಡ. ಮೆಲ್ಲಕ."

ನಾನು ಚಪ್ಪಲಿ ಬಿಟ್ಟು, ಬೆರಳ ತುದಿಯ ಮೇಲೆ ನಡೆದೆ. ಆ ಕೋಣೆ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಕೂಸಿನ ನಡು ಹಿಡಿದು ಎತ್ತುವಾಗ ಕುಣಿಯೊಳಗೆ ಕಣ್ಣು ಹೋಯಿತು. ಅವರ ಎರಡು ಪಾದ, ಎರಡು ಹಲಗೆಯ ಮೇಲೆ. ಅವುಗಳ ನಡುವೆ ಅದು. ಹೆಡೆ ಬಿಚ್ಚಿರಲಿಲ್ಲ; ಗೋಣಿತಟ್ಟಿನ ಕಡೆಗೆ ತಲೆಯಿಟ್ಟು, ಬಾಲ ಅವರ ಬಲಗಾಲ ಹಿಮ್ಮಡಿಗೆ ತಾಗುವಂತೆ ಬಿದ್ದಿತ್ತು. ಕುಂಟುಮರಿ ತಟ್ಟಿನ ಅಂಚಿನಲ್ಲಿ ಮೈ ಉಬ್ಬಿಸಿ ನಿಂತಿತ್ತು.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಹಿಂದೆ ಒಂದು ದನಿ ಕೇಳಿತು. ಕಪ್ಪೆ ವಟಗುಟ್ಟುವುದು ಎಲ್ಲರಿಗೂ ಗೊತ್ತು. ಹಾವು ಹಿಡಿದಾಗ ಅದು ಕೂಗುವುದು ಬೇರೆ. ಅದು ಹಸುಗೂಸಿನ ಅಳುವಿನಂತಿತ್ತು, ಮತ್ತು ಎತ್ತಿಕೊಂಡಾಗಿನಿಂದ ನನ್ನ ಕಂಕುಳಲ್ಲಿ ಅಳುತ್ತಿದ್ದ ಕೂಸು ಅದನ್ನು ಕೇಳಿ ಅಳು ನಿಲ್ಲಿಸಿತು.

ಹಾವು ಅದನ್ನು ನುಂಗಿ, ಗೋಡೆಯ ಬುಡದ ಮೋರಿ ತೂತಿನಿಂದ ಹಿತ್ತಲಿಗೆ ಹೋಯಿತು. ಹೋದ ಮೇಲೂ ಅವರು ಏಳಲಿಲ್ಲ. ನಾನೇ ಹೋಗಿ ರಟ್ಟೆ ಹಿಡಿದು ಎಬ್ಬಿಸಿದೆ. ಲಾಳಿ ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಲಾಳಿಯ ಮೊನೆ ಅಂಗೈಯಲ್ಲಿ ನೆಟ್ಟು ರಕ್ತ ಬಂದಿತ್ತು. ಅವರು ಅಂದ ಮೊದಲ ಮಾತು, "ಕುಂಟಾನ ಒಯ್ತು." ಎರಡನೆಯದು, "ಕೂಸಿನ ಒಯ್ದಿದ್ರ?"

ನಾನು ಯಾರಿಗೂ ಹೇಳುವವಳಲ್ಲ. ಅವರೂ ಸುಮ್ಮನಿದ್ದರೆ ಮನೆಯಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಸಂಜೆ ಬಸು ಬಂದು ಕೈಕಾಲು ತೊಳೆಯುವ ಮೊದಲೇ ಅವರು ಹೇಳಿಬಿಟ್ಟರು. "ಹಾವು ಬಂದಿತ್ತು. ಕುಣ್ಯಾಗ. ಕೂಸ ಇಲ್ಲೇ ಇತ್ತು."

ಬಸು ಒಳ್ಳೆಯವನು. ಬೇರೆಯವರ ಪಾವರ್‌ಲೂಮಿನಲ್ಲಿ ದುಡಿದು, ಸ್ವಂತ ಎರಡು ಮಶೀನು ಹಾಕಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದ. ತಾಯಿಯ ಮಗ್ಗ ಇರುವ ಕೋಣೆಯೇ ಅದಕ್ಕೆ ಜಾಗ. ತಾಯಿ ಇರುವವರೆಗೆ ಕೇಳಬಾರದೆಂದು ಸುಮ್ಮನಿದ್ದವನು, ಅವತ್ತು ಕೂಸನ್ನು ಎದೆಗವಚಿಕೊಂಡು ಕೂಗಾಡಿದ.

"ಕಪ್ಪಿ ಇದ್ದಲ್ಲಿ ಹಾವ ಬರತೈತಿ ಅಂತ ನಿನಗ ಗೊತ್ತಿರಲಿಲ್ಲೇನಬೇ? ನಾಳೆನ ಗೌಂಡಿ ಕರಸ್ತೀನಿ. ಕಲ್ಲು ಹಾಕಿ, ಸಿಮೆಂಟ ಹಾಕಿ, ಮುಚ್ಚಸ್ತೀನಿ!"

"ಮುಚ್ಚಪಾ."

ಅವನು ಇದನ್ನು ನಿರೀಕ್ಷಿಸಿರಲಿಲ್ಲ. "ಏನಂದಿ?"

"ಮುಚ್ಚ ಅಂದೆ. ನಾ ಇನ್ನ ಅದರಾಗ ಕಾಲ ಬಿಡಾಕಿ ಅಲ್ಲ. ನನಗೂ ಅಂಜಕಿ ಬಂದೈತಿ. ಆದ್ರ ಒಳಗ ಎಂಟ ಮಲಗ್ಯಾವ. ಮಿರಗದ ಮಳಿ ಬೀಳಲಿ. ಅವು ತಾವs ಎದ್ದ ಹೊರಗ ಹೋಗಲಿ. ಮರುದಿನ ಮುಚ್ಚ. ನಾನs ಕಲ್ಲ ಹೊತ್ತ ಕೊಡತೇನಿ."

"ಕಪ್ಪಿ ಸಲುವಾಗಿ ಒಂದೂವರಿ ತಿಂಗಳಾ?"

"ಜೀವಂತ ಹುಗೀಬ್ಯಾಡೋ ಬಸು," ಎಂದರು. ಅಷ್ಟೇ.

ಆ ದಿನಗಳು ಹೇಗೆ ಹೋದವೋ. ಕುಣಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೀಸುಕಲ್ಲು. ಮೋರಿಯ ತೂತಿಗೆ ಬಟ್ಟೆ ತುರುಕಿದರು. ಕೂಸನ್ನು ಕೆಳಗೆ ಬಿಡುತ್ತಿರಲಿಲ್ಲ. ಬಸುವಿನ ಹೆಂಡತಿ ರೊಟ್ಟಿ ಬಡಿಯುವಾಗಲೂ ಅದನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು. ನಾನು ಹಾಸಿಗೆ ಜಾಡಿಸಿ, ದಿಂಬು ಜಾಡಿಸಿ, ಮತ್ತೆ ಹಾಸಿಗೆ ಜಾಡಿಸುತ್ತಿದ್ದೆ. ಒಣಗಿದ ಎಲೆ ಸರಿದರೂ ನಾಲ್ವರೂ ಒಂದೇ ಸಲ ಕತ್ತೆತ್ತುತ್ತಿದ್ದೆವು. ದಿನಚರಿಯ ಆ ಪುಟಗಳಲ್ಲಿ ಬಸ್ಸು, ನಲ್ಲಿ ಏನೂ ಇಲ್ಲ. ಪ್ರತಿ ದಿನ ಒಂದೇ ಸಾಲು: 'ಮೋಡ ಇಲ್ಲ.'

ಆದರೂ ಪ್ರತಿ ಸಂಜೆ, ಬೆಳಕು ಇರುವಾಗಲೇ, ಅವರು ಹಲಗೆಯನ್ನು ಒಂದು ಗೇಣು ಸರಿಸುತ್ತಿದ್ದರು. ಮಣ್ಣು ಪೂರಾ ಒಣಗಿದರೆ ಒಳಗಿರುವವು ಒಣಗುತ್ತವೆ ಎಂದು ಒಂದು ಚರಿಗೆ ನೀರು ಚಿಮುಕಿಸಲು. ನಾನು ಟಾರ್ಚು ಹಿಡಿಯಬೇಕು. ಮೊದಲು ಮುರುಕು ಲಾಳಿಯಿಂದ ಟಕ್, ಟಕ್. ಆ ಸದ್ದು ಮೊದಲು ಕಪ್ಪೆಗಳಿಗಾಗಿ ಇತ್ತು, ಈಗ ಹಾವಿಗಾಗಿ. ಬಡಿದು, ನಾವಿಬ್ಬರೂ ಉಸಿರು ಹಿಡಿದು ಕೇಳುತ್ತಿದ್ದೆವು. ನನ್ನ ಟಾರ್ಚಿನ ಬೆಳಕು ಗೋಡೆಯ ಮೇಲೆ ನಡುಗುತ್ತಿತ್ತು. ಅವರ ಚರಿಗೆಯ ನೀರು ಅರ್ಧ ಹೊರಗೇ ಚೆಲ್ಲುತ್ತಿತ್ತು.

"ಇಷ್ಟ ಅಂಜತೀರಿ, ಯಾಕರೀ ಮಾಡತೀರಿ?" ಎಂದು ಒಮ್ಮೆ ಕೇಳಿದೆ.

"ಅಂಜಕಿ ಹೋದ ಮ್ಯಾಲ ಮಾಡತೇನಿ ಅಂದ್ರ, ನನ್ನ ಅಂಜಕಿ ಯಾವಾಗ ಹೋಗಬೇಕ? ಅವು ಸಾಯತಾವ ಅಷ್ಟೊತ್ತಿಗೆ. ಬೆಳಕ ಸರಿಯಾಗಿ ಹಿಡಿ, ಲೆಕ್ಕದಾಕಿ."

ಮಿರಗದ, ಅಂದರೆ ಮೃಗಶಿರೆಯ ಮಳೆ ಬರಲಿಲ್ಲ. ಜೂನ್ ಬಂತು, ಬಿಸಿಲು ಹಾಗೇ ಇತ್ತು. ಒಂದು ಸೋಮವಾರ ಬಸು ಮುಖ ಕೆಳಗೆ ಹಾಕಿಕೊಂಡು ಬಂದ. ಇಚಲಕರಂಜಿಯಲ್ಲಿ ಅವನು ನೋಡಿಟ್ಟಿದ್ದ ಹಳೆಯ ಮಶೀನುಗಳನ್ನು ಮುಂದಿನ ವಾರ ಲಾರಿಗೆ ಹೇರುತ್ತಾರೆ. ಬಿಟ್ಟರೆ ಬೇರೆಯವರ ಪಾಲು. ಸಿಮೆಂಟಿನ ನೆಲ ಗಟ್ಟಿಯಾಗಲು ಅಷ್ಟಾದರೂ ದಿನ ಬೇಕು. ಗೌಂಡಿ ನಾಳೆಯೇ ಬರುತ್ತಾನೆ.

"ಮಳಿ ಮಾತ ಆಗಿತ್ತು, ಬಸು."

"ಮಳಿ ನನ್ನ ಮಾತ ಕೇಳತೈತೇನವ್ವಾ?"

ಅವರು ಜಗಳಾಡಲಿಲ್ಲ. ಮರುದಿನ ಬೆಳಿಗ್ಗೆ ಗೌಂಡಿ ಬಂದು ಉಸುಕು, ಜಲ್ಲಿ ಅಂಗಳದಲ್ಲಿ ಹಾಕಿಸುತ್ತಿರುವಾಗ ಎದ್ದು ಬಂದು ಅವನಿಗೆ ಕೈ ಮುಗಿದರು. "ಎಪ್ಪಾ, ಸಂಜೀತನಕ ತಡಿ. ನಾ ಅವನ್ನ ಎಬ್ಬಸ್ತೇನಿ."

"ಹೆಂಗ ಎಬ್ಬಸ್ತೀರಬೇ? ಹೆಸರ ಹಿಡದ ಕೂಗತೀರೇನ?" ಎಂದು ಗೌಂಡಿ ನಕ್ಕ.

"ಮಳಿ ಆಗೇತಿ ಅಂತ ಸುಳ್ಳ ಹೇಳತೇನಿ."

ಹಲಗೆ ತೆಗೆಸಿದರು. ಜೋಳ ಸೋಸುವ ಜರಡಿ ತಂದು ನನ್ನ ಕೈಗೆ ಕೊಟ್ಟು, ಅದರೊಳಗೆ ನೀರು ಸುರಿದು ಕುಣಿಯ ಮೇಲೆಲ್ಲ ಹನಿಹನಿಯಾಗಿ ಬೀಳಿಸಲು ಹೇಳಿದರು. ಬಸುವಿನ ಹೆಂಡತಿ ಕೂಸನ್ನು ಕಟ್ಟಿಕೊಂಡೇ ಕೊಡ ತುಂಬಿ ತಂದಳು. ಮಣ್ಣು ಕಪ್ಪಾಯಿತು, ಮಳೆಯ ವಾಸನೆ ಬಂತು. ಏನೂ ಅಲುಗಲಿಲ್ಲ.

"ಗುಡಗ ಬೇಕು," ಎಂದರು ಅವರು. "ನೆಲಾ ನಡಗಬೇಕು. ಬರೇ ನೀರಿಗೆ ಏಳೂದಿಲ್ಲ."

ಹಾಗೆಂದು ಅವರು ಮಗ್ಗದ ಕಡೆ ಹೋದರು. ಮುರುಕು ಲಾಳಿ ಎತ್ತಿ ಕಂಬಕ್ಕೆ ಟಕ್, ಟಕ್ ಎಂದು ಬಡಿದರು. ಅಂಚಿಗೆ ಕುಳಿತರು. ಎರಡೂ ಕಾಲು ಮೇಲೆಯೇ ಇದ್ದವು. ಸೀರೆಯ ನಿರಿಗೆ ಎಳೆದು ಮೊಳಕಾಲ ಸುತ್ತ ಬಿಗಿದುಕೊಂಡರು, ಬಿಚ್ಚಿದರು, ಮತ್ತೆ ಬಿಗಿದರು. ಕುಣಿಯ ಗೋಡೆಯ ತುಂಬ ಬಿಲಗಳು. ಯಾವುದರಲ್ಲಿ ಯಾರಿದ್ದಾರೋ ಯಾರಿಗೆ ಗೊತ್ತು?

"ಬ್ಯಾಡವ್ವಾ," ಎಂದ ಬಸು.

ಅವರು ಕಣ್ಣು ಮುಚ್ಚಿ, ತಣ್ಣೀರಿಗೆ ಇಳಿಯುವವರ ಹಾಗೆ ಹಲ್ಲು ಕಚ್ಚಿ, ಕಾಲು ಒಳಗೆ ಬಿಟ್ಟರು. ಮತ್ತು ಬಾರಿಸತೊಡಗಿದರು. ಮಗ್ಗದಲ್ಲಿ ಹಾಸಿನ ನೂಲಿರಲಿಲ್ಲ, ಲಾಳಿ ಓಡುತ್ತಿರಲಿಲ್ಲ. ಬರೀ ತುಳಿತ ಮತ್ತು ಬಡಿತ. ನೂಲು ಬಡಿಯುವ ಭಾರದ ಹಲಗೆಯನ್ನು ಎರಡೂ ಕೈಯಲ್ಲಿ ಎಳೆದು ಎಳೆದು ಹೊಡೆದರು. ಧಡ್, ಧಡ್, ಧಡ್. ನೆಲ ನಡುಗಿತು. ಜಂತಿಯಿಂದ ಧೂಳು ಉದುರಿತು. ನಾನು ನೀರು ಸುರಿಯುತ್ತಲೇ ಇದ್ದೆ. ಅವರ ಬಾಯಿ ಏನೋ ಪಟಪಟ ಅನ್ನುತ್ತಿತ್ತು. ದೇವರ ಹೆಸರೆಂದು ತಿಳಿದಿದ್ದೆ. ಬಗ್ಗಿದಾಗ ಕೇಳಿತು: "ಏಳ್ರಿ, ಏಳ್ರಿ, ಏಳ್ರಿ."

ತಳದ ಮಣ್ಣು ಒಂದು ಕಡೆ ಉಬ್ಬಿತು. ಬಿರುಕು ಬಿಟ್ಟಿತು. ಕೆಸರು ಮೆತ್ತಿದ ಒಂದು ಮುಖ ಹೊರಗೆ ಬಂದು, ಕಣ್ಣು ತೆರೆದು, ಸುಳ್ಳು ಮಳೆಯನ್ನು ನೋಡಿತು.

"ಹಿಡಿ!" ಎಂದರು ನನಗೆ. "ನಾ ನಿಂದ್ರಸಿದ್ರ ಉಳಿದಾವು ಏಳೂದಿಲ್ಲ. ಹಿಡಿ ಬೇ!"

ಜರಡಿಯನ್ನು ಬಸು ಕಸಿದುಕೊಂಡ. ಕುಣಿಯ ಅಂಚಿಗೆ ಬೋರಲು ಮಲಗಿ ನಾನು ಕೈ ಚಾಚಿದೆ. ಮೊದಲನೆಯದನ್ನು ಎತ್ತಿದಾಗ ಅದರ ಹೊಟ್ಟೆ ನನ್ನ ಅಂಗೈಯಲ್ಲಿ ಪುಕುಪುಕು ಎಂದು ಬಡಿದುಕೊಳ್ಳುತ್ತಿತ್ತು. ನನ್ನ ಎದೆಯೂ ಹಾಗೇ. ಯಾವುದು ಯಾರದೆಂದು ತಿಳಿಯಲಿಲ್ಲ. ಹಸಿ ಉಸುಕು ಹಾಕಿದ್ದ ಹರವಿಯೊಳಗೆ ಬಿಟ್ಟೆ. ಎರಡು. ಮೂರು. ಒಂದು ಗೋಡೆಯ ಬಿಲದಿಂದ ಅವರ ಪಾದದ ಮೇಲೆಯೇ ಬಿತ್ತು. ಅವರು ಚೀರಿದರು, ಆದರೆ ಬಡಿತ ತಪ್ಪಿಸಲಿಲ್ಲ. ನಗುತ್ತಿದ್ದ ಗೌಂಡಿ ಯಾವಾಗ ಬಂದನೋ, ಆ ಬದಿಗೆ ಅವನೂ ಬೋರಲು ಮಲಗಿದ್ದ.

ಸಂಜೆಯ ಹೊತ್ತಿಗೆ ಏಳು ಹರವಿಯಲ್ಲಿದ್ದವು. ಗೌಡ ಬಂದಿರಲಿಲ್ಲ.

ಅವರ ತೋಳು ಸೋತು ಹಲಗೆ ಕೈಜಾರುತ್ತಿತ್ತು. ಕೊನೆಗೆ ನಿಲ್ಲಿಸಿದರು. ಕುಣಿಯೊಳಗೇ ಇಳಿದು, ಗೌಡ ಹೊಕ್ಕ ಬಿಲದ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ತೊಳೆದ ಕೈಯನ್ನು ಮತ್ತೊಮ್ಮೆ ನೀರಿನಲ್ಲಿ ಅದ್ದಿ, ಮುಖ ಆಚೆ ತಿರುಗಿಸಿ, ಕೈ ಬಿಲದೊಳಗೆ ಹಾಕಿದರು. ಮಣಿಕಟ್ಟು ಹೋಯಿತು. ಮೊಳಕೈ ಹೋಯಿತು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು, ಒಳಗಿನದು ಅಲ್ಲಿ ಕಾಣುತ್ತದೆ ಎಂಬ ಹಾಗೆ.

"ಕೈ ತಗಿಯವ್ವಾ!" ಬಸು ಕುಣಿಗೆ ಹಾರಿ ಅವರನ್ನು ಹಿಂದಿನಿಂದ ತಬ್ಬಿ ಎಳೆದ. "ನನಗ ನೀ ಬೇಕs! ಸಾಕು!"

"ಬಿಲ ಒಳಗ ಬ್ಯಾರೆ ಕಡೆ ಹೊಳ್ಳತೈತಿ," ಎಂದರು ಅವರು, ಕೆಸರಾದ ಕೈ ನೋಡಿಕೊಳ್ಳುತ್ತಾ. "ಮುಟ್ಟಲಿಲ್ಲ."

ಗೌಂಡಿ ಕಲ್ಲು ತುಂಬಿದ. ಮೊದಲ ಕಲ್ಲು ಬೀಳುವಾಗ ಅವರು ಹರವಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಬಚ್ಚಲ ನೀರು ಹೋಗುವಲ್ಲಿ, ನುಗ್ಗೆ ಗಿಡದ ನೆರಳಿಗೆ, ತೊಯ್ಸಿದ ತಟ್ಟಿನಡಿ ಏಳನ್ನೂ ಬಿಟ್ಟರು. ನನ್ನ ದಿನಚರಿಯಲ್ಲಿ ಏಳು ಎಂದು ಬರೆದು, ಪಕ್ಕದಲ್ಲಿ ಎಂಟು ಎಂದು ಬರೆದು, ಏನು ಬರೆಯಬೇಕೆಂದು ತಿಳಿಯದೆ ಹಾಗೇ ಬಿಟ್ಟೆ.

ಮಶೀನು ಬಂದವು. ಮೊದಲ ದಿನ ಬಸು ಬಟನ್ ಒತ್ತಿದಾಗ ಓಣಿಯವರೆಲ್ಲ ಬಂದಿದ್ದರು, ಪೇಢೆ ಹಂಚಿದರು. ಖಡಖಡ ಸದ್ದಿಗೆ ನೆಲ ಪಾದದಡಿ ನಡುಗಿತು. ಅವರು ಹೊಸ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಅವರ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದರು.

"ಲೆಕ್ಕದಾಕಿ, ಕೆಳಗ ಗೌಡಗ ಇದು ಏನ ಅನಸ್ತೈತಿ?"

ಉತ್ತರವನ್ನೂ ಅವರೇ ಹೇಳಿದರು:

"ಗುಡಗ ಅನಸ್ತೈತಿ. ಮಳಿ ಆಗಾಕತ್ತೈತಿ ಅಂತ ತಿಳಕೊಂಡ ಏಳತೈತಿ. ತಲಿ ಸಿಮೆಂಟಿಗೆ ಬಡೀತೈತಿ. ದಿನಾ. ನಾನs ಅದಕ್ಕ ಸುಳ್ಳ ಮಳಿ ಕಲಿಸಿದೆ."

ಆಮೇಲೆ ನಾನು ಅಲ್ಲಿದ್ದ ತಿಂಗಳುಗಳಲ್ಲಿ, ಮಶೀನು ಶುರುವಾದಾಗಲೆಲ್ಲ ಅವರು ಮಾಡುತ್ತಿದ್ದ ಕೆಲಸ ಬಿಟ್ಟು ಹೊರಗೆ ಹೋಗುತ್ತಿದ್ದರು. ಕರೆಂಟು ಹೋದರೆ ಒಳಗೆ ಬಂದು, ಎರಡನೆಯ ಮಶೀನಿನ ಹಿಂದೆ ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದರು. ನಾನು ಊರು ಬಿಡುವ ದಿನ ಬೀಳ್ಕೊಡಲು ಬಂದಾಗಲೂ ಅವರ ಒಂದು ಕೆನ್ನೆಗೆ ಸಿಮೆಂಟಿನ ಪುಡಿ ಅಂಟಿತ್ತು.

ಈಗ ನಾನು ರನ್ನ ಬೆಳಗಲಿಯಲ್ಲಿ ಪಾಠ ಮಾಡುತ್ತೇನೆ. ಮಳೆಗಾಲದಲ್ಲಿ ತರಗತಿಗೆ ಕಪ್ಪೆ ಬಂದರೆ ಮಕ್ಕಳು ನನ್ನನ್ನೇ ನೋಡುತ್ತಾರೆ. ನಾನು ಕೈ ತೊಳೆದು, ಒದ್ದೆ ಕೈಯಿಂದ ಎತ್ತಿ ಹೊರಗೆ ಬಿಡುತ್ತೇನೆ. ಇಂದಿಗೂ ಎತ್ತುವಾಗ ಮುಖ ಆಚೆ ತಿರುಗಿಸುತ್ತೇನೆ.

ಅವರ ದಿವಸದ ಕಾರ್ಯಕ್ಕೆ ಹೋಗಿದ್ದೆ. ಬಸುವಿಗೆ ತಲೆ ನರೆತಿದೆ. ಗೌರಿ ಈಗ ಕಾಲೇಜಿಗೆ ಹೋಗುವ ಹುಡುಗಿ. ಊಟವಾದ ಮೇಲೆ ಬಸು ಮಶೀನಿನ ಕೋಣೆಗೆ ಕರೆದ. ಮಶೀನು ಅವತ್ತು ಬೆಳಿಗ್ಗೆಯಿಂದ ಮತ್ತೆ ಶುರುವಾಗಿದ್ದವು. ಅವನು ಬಟನ್ ಆರಿಸಿದ. ಸದ್ದು ಇಳಿದು ಇಳಿದು ನಿಂತಿತು. ಎರಡನೆಯ ಮಶೀನಿನ ಹಿಂದೆ ಸಿಮೆಂಟು ಒಡೆದು ಮಾಡಿದ ಒಂದು ಚೌಕ ತೂತಿತ್ತು, ತಲೆದಿಂಬಿನಷ್ಟು ಅಗಲ. ಒಳಗೆ ಬರೀ ಮಣ್ಣು, ಒಂದು ಹರವಿಯ ಚೂರು.

"ನೀವ ಹ್ವಾದ ಮ್ಯಾಲ ಬಂದ ಮಳಗಾಲದಾಗs ಒಡದೆ," ಎಂದ. "ಅವ್ವ ನಿದ್ದಿ ಮಾಡತಿದ್ದಿಲ್ಲ. ನಾನs ಸುತಗಿ ತಗೊಂಡ ಕಲ್ಲ ತಗದೆ."

"ಗೌಡ?"

ಬಸು ತಲೆಯಲ್ಲಾಡಿಸಿದ. ಇತ್ತು ಎಂದೋ, ಇಲ್ಲ ಎಂದೋ, ಗೊತ್ತಿಲ್ಲ ಎಂದೋ. "ಎಷ್ಟೋ ದಿನ ಏನೂ ಇರಲಿಲ್ರೀ. ಮುಂದ ಒಂದ ಸಲ ನೋಡಿದ್ರ ಒಂದ ಕುಂತಿತ್ತು. ಹಿತ್ತಲದಿಂದ ಬಂದಿದ್ದೋ, ಕೆಳಗಿಂದ ಬಂದಿದ್ದೋ. ಅವ್ವ ಅದರ ಮುಂದ ಕುಂತು ಅತ್ಲು. ಅದs ಅಂತ ಹೇಳಲಿಲ್ಲ, ಅಲ್ಲ ಅಂತನೂ ಹೇಳಲಿಲ್ಲ."

"ಹಾವ ಬರೂದಿಲ್ಲೇನ್ರಿ?"

"ಬರತೈತೇನೋ ಅಂತ ದಿನಾ ಅಂಜತೇನಿ."

ಅವನು ಮಶೀನಿನ ಕಬ್ಬಿಣದ ಸಂದಿಗೆ ಕೈ ಹಾಕಿ ಏನೋ ತೆಗೆದ. ಎಣ್ಣೆ ಹತ್ತಿ ಕಪ್ಪಾಗಿತ್ತಾದರೂ ಗುರುತು ಸಿಕ್ಕಿತು: ಮುರುಕು ಲಾಳಿ. ಇನ್ನೊಂದು ಕೈಯಲ್ಲಿ ನೀರಿನ ಚರಿಗೆ. ಗೌರಿ ಬಾಗಿಲಲ್ಲಿ ನಿಂತು ಟಾರ್ಚು ಬಿಟ್ಟಳು. ಬಸು ಮಶೀನಿನ ಕಂಬಕ್ಕೆ ಎರಡು ಸಲ ಬಡಿದ. ಮೂವರೂ ಉಸಿರು ಹಿಡಿದೆವು. ನಾನು ಬೆರಳ ತುದಿಯ ಮೇಲೆ ನಿಂತಿದ್ದೆ.

"ಏಳ್ರಿ," ಎಂದ ಬಸು. ಚರಿಗೆಯ ನೀರು ಅವನ ಪಾದದ ಮೇಲೆ ಚೆಲ್ಲಿತು. "ನಾ ಬಂದೇನಿ."